ಮಾಸ್ತರರ ಹವೇಲಿಗೆ ಐವತ್ತೊಂದೇ ಕಾರ್ಡು

ಬೀದರಿನ ಮೈಲೂರಿನಲ್ಲಿ ಮಚ್ಛೇಂದ್ರ ಮಾಸ್ತರರ ಮನೆ ಯಾವುದೆಂದು ಯಾರನ್ನು ಕೇಳಿದರೂ, "ದೆವ್ವ ಇಲ್ಲ ಅಂತಾರಲ್ಲ, ಅವರ ಮನಿ ಏನ್ರಿ?" ಎಂದು ತಿರುಗಿ ಕೇಳುತ್ತಾರೆ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ಮನುಷ್ಯ. ಅದರಲ್ಲಿ ಹತ್ತೊಂಬತ್ತು ವರ್ಷ ಔರಾದ್ ತಾಲ್ಲೂಕಿನ ಠಾಣಾ ಕುಶನೂರಿನಲ್ಲೇ ಕಳೆದವು. ಅಲ್ಲಿ ಯಾರ ಮೈಮೇಲೆ ಗಾಳಿ ಬಂತೆಂದರೂ, ಯಾವ ಬೇವಿನ ಮರದಲ್ಲಿ ಏನು ಕಂಡಿತೆಂದರೂ ಮಾಸ್ತರರು ಸೈಕಲ್ ಹತ್ತಿ ಹಾಜರ್. ಆ ಮರದ ಕೆಳಗೇ ಚಾಪೆ ಹಾಸಿ, ಬುತ್ತಿ ಬಿಚ್ಚಿ ಉಂಡು, ಒಂದು ನಿದ್ದೆ ತೆಗೆದು, "ನೋಡ್ರಿ, ನನ್ನ ಚಪ್ಪಲಿ ಸೈತ ಯಾವ ದೆವ್ವನೂ ಮುಟ್ಟಿಲ್ಲ" ಎಂದು ಹೇಳಿ ಎದ್ದು ಬರುತ್ತಿದ್ದರು. ಅಂಥವರಿಗೆ ನಿವೃತ್ತಿ ಹತ್ತಿರ ಬಂದ ಕಾಲಕ್ಕೆ ಹಿಡಿದ ಹುಚ್ಚು ಯಾವುದು ಅಂತೀರಿ? ದೆವ್ವದ ಆಟ.

ತಂದು ಹಚ್ಚಿದವನು ಯುನುಸ. ಹಳೇ ಊರಿನಲ್ಲಿ ಅವನದು ಬೈಂಡಿಂಗ್ ಅಂಗಡಿ. ರದ್ದಿಯಲ್ಲಿ ಬಂದ ಪುಸ್ತಕಗಳಲ್ಲಿ ಚಲೋ ಇದ್ದವನ್ನು ಆರಿಸಿ, ಹೊಲಿದು, ಅಂಟಿಸಿ ಮಾರುತ್ತಾನೆ. ಒಂಬತ್ತು ವರ್ಷದ ಹಿಂದೆ ಯಾರೋ ಮನೆ ಖಾಲಿ ಮಾಡುವಾಗ ಹಾಕಿದ ರದ್ದಿಯಲ್ಲಿ ಒಂದು ದೊಡ್ಡ ಕೆಂಪು ಡಬ್ಬಿ ಬಂತು. ಮೇಲೆ ಇಂಗ್ಲಿಷಿನಲ್ಲಿ ಮೊಳದುದ್ದದ ಹೆಸರು, ಗೋಪುರ ಗೋಪುರದ ಒಂದು ಪಾಳು ಬಂಗಲೆ, ಅದರ ಕಿಟಕಿಯಲ್ಲಿ ಬಿಳಿ ಗೌನಿನ ಹುಡುಗಿ. ಯುನುಸ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ನೇರ ಮೈಲೂರಿಗೆ ಬಂದು, "ಮಾಸ್ತರ್, ನಿಮ್ಮ ದುಶ್ಮನ್ ಸಿಕ್ಕಾಳ ನೋಡ್ರಿ" ಎಂದ.

ಮಾಸ್ತರರು ಒಂದು ವಾರ ನಿಘಂಟು ಹಿಡಿದು ಕೂತು ನಿಯಮದ ಪುಸ್ತಕವನ್ನು ಕನ್ನಡಕ್ಕೆ ಇಳಿಸಿದರು. ನೂರು ಪುಟದ ನೋಟುಬುಕ್ಕು, ದುಂಡು ಅಕ್ಷರ. ಆಟಕ್ಕೆ ಹೆಸರನ್ನೂ ಅವರೇ ಇಟ್ಟರು: ಕರಿ ಹವೇಲಿ. ಮೊದಲ ಪುಟದಲ್ಲಿ ಅಡಿಗೆರೆ ಎಳೆದು ಬರೆದರು: "ದೆವ್ವ ಇಲ್ಲ, ಇದು ಆಟ. ಒಟ್ಟು ಕಾರ್ಡು ಐವತ್ತೊಂದು."

ಆಟ ಹೀಗೆ. ನಾಲ್ಕು ಜನ ಹವೇಲಿಯೊಳಗೆ ಸಿಕ್ಕಿಬಿದ್ದಿದ್ದಾರೆ. ಒಬ್ಬೊಬ್ಬರ ಹತ್ತಿರ ಆರಾರು ಮೇಣದಬತ್ತಿ. ಕೋಣೆ ಕೋಣೆ ಹುಡುಕಿ ನಾಲ್ಕು ಬೀಗದ ಕೈ ಕೂಡಿಸಿ ಹೆಬ್ಬಾಗಿಲಿಗೆ ತಂದರೆ ಎಲ್ಲರಿಗೂ ಬಿಡುಗಡೆ. ಅಷ್ಟರಲ್ಲಿ ಆ ಬಿಳಿ ಹುಡುಗಿ ಕಾರ್ಡು ತೋರಿಸಿದ ಕಡೆಗೆಲ್ಲ ಓಡಾಡುತ್ತ ಬತ್ತಿ ಆರಿಸುತ್ತಾಳೆ. ಹಿಂದೊಂದು ಕಾಲಕ್ಕೆ ಜ್ವರ ಬಂದು ಮಲಗಿದ್ದವಳನ್ನು ಮನೆಯವರು ಕೋಣೆಯಲ್ಲಿ ಹಾಕಿ ಬೀಗ ಜಡಿದಿದ್ದರಂತೆ. ಬತ್ತಿ ಎಲ್ಲ ಆರಿದರೆ ನಾಲ್ವರೂ ಸೋತಂತೆ. ಹೆಬ್ಬಾಗಿಲಿನ ಚಿತ್ರದ ಕೆಳಗೆ ಒಂದು ಕಪ್ಪು ಲಕೋಟೆ ಇದೆ, ಮೇಲೆ ಅರಗಿನ ಮುದ್ರೆ. ಗೆದ್ದವರು ಮಾತ್ರ ಒಡೆಯಬೇಕು.

ಒಂಬತ್ತು ವರ್ಷದಲ್ಲಿ ಆ ಲಕೋಟೆ ಒಡೆದಿಲ್ಲ. ಐತವಾರ ಬಂದರೆ ಸಾಕು, ಮಾಸ್ತರರು, ಅವರ ಹೆಂಡತಿ ಶಾಲುಬಾಯಿ, ಯುನುಸ, ಮತ್ತೆ ಠಾಣಾ ಕುಶನೂರಿನ ಆಸ್ಪತ್ರೆಯ ನರ್ಸ್ ಸುವರ್ಣಾ, ಈ ನಾಲ್ವರು ಮಂಚದ ಸುತ್ತ ಕೂಡುವುದು ತಪ್ಪದು. ಸುವರ್ಣಾ ಮಾಸ್ತರರ ಹಳೆಯ ವಿದ್ಯಾರ್ಥಿನಿ. ಐತವಾರ ಡ್ಯೂಟಿ ಬೀಳದಂತೆ ನೋಡಿಕೊಂಡು ಬಸ್ಸು ಹತ್ತಿ ಬಂದೇ ಬರುತ್ತಾಳೆ. ನಾಲ್ಕೂ ಬೀಗದ ಕೈ ಕೂಡಿಸಿ ಬಾಗಿಲಿಗೆ ಹೋದದ್ದು ನೂರು ಸಲವಾದರೂ ಆಗಿದೆ. ಹೋದ ಕೂಡಲೇ ಆ ಹುಡುಗಿ ಬಂದು ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು. ಜಪ್ಪಯ್ಯ ಅಂದರೂ ಸರಿಯುತ್ತಿರಲಿಲ್ಲ. ಸುತ್ತಿಗೊಂದು ಬತ್ತಿ ಆರಿಸಿ ಆರಿಸಿ ಎಲ್ಲರನ್ನೂ ಕತ್ತಲಲ್ಲಿ ಕೂಡಿಸುತ್ತಿದ್ದಳು.

"ಇದರ ಖೂಬಿನೇ ಅದು. ಗೆಲ್ಲಾಕ ಆಗಲ್ಲ" ಎಂದು ಮಾಸ್ತರರು ಎದೆಯುಬ್ಬಿಸಿ ಹೇಳುತ್ತಿದ್ದರು, ತಾವೇ ಆ ಹವೇಲಿ ಕಟ್ಟಿಸಿದವರ ಹಾಗೆ.

ಶಾಲುಬಾಯಿಗೆ ಈ ಖೂಬಿ ಗೀಬಿ ಬೇಕಿರಲಿಲ್ಲ. ಅವರು ಕಲಿತದ್ದು ನಾಲ್ಕನೇ ಇಯತ್ತೆ. ಇಂಗ್ಲಿಷ್ ಅಕ್ಷರಗಳನ್ನು ಕಲಿತದ್ದೇ ಈ ಕಾರ್ಡುಗಳ ಮೇಲೆ, ಒಂದೊಂದೇ ಬೆರಳಿಟ್ಟು. ಆಡುವುದರಲ್ಲಿ ಮಾತ್ರ ನಾಲ್ವರಲ್ಲೂ ಅವರೇ ಚುರುಕು. "ಒಮ್ಮೆ ಆ ಬಾಗ್ಲಾ ತೆಗೀಬೇಕ್ರಿ. ಆ ಪಾಕೀಟಿನಾಗ ಏನದ ನೋಡಬೇಕು. ಅಷ್ಟೇ ನನ್ನ ಹಠ" ಎನ್ನುತ್ತಿದ್ದರು. "ಹಬಿ ಹಿಡದ್ರ ಅಂಟು ಬಿಡ್ತದ ಭಾಬಿ, ಯಾರಿಗೂ ಗೊತ್ತಾಗಲ್ಲ" ಎಂದು ಯುನುಸ ಒಮ್ಮೆ ಬಾಯಿಬಿಟ್ಟದ್ದಕ್ಕೆ ಲಟ್ಟಣಿಗೆ ತೋರಿಸಿದ್ದರು. ಆಮೇಲೆ ಅವನು ಆ ಮಾತು ಎತ್ತಲಿಲ್ಲ.

ನಡುವೆ ಮಾಸ್ತರರು ನಿವೃತ್ತಿಯ ಖುಷಿಗೆ ಇದೇ ಆಟದ ಎರಡನೇ ಆವೃತ್ತಿಯನ್ನು ತರಿಸಿದ್ದರು. ಅದರಲ್ಲಿ ಲಕೋಟೆಯೂ ಇಲ್ಲ, ಗಿಕೋಟೆಯೂ ಇಲ್ಲ. ದೆವ್ವಕ್ಕೊಂದು ದಾಳ ಕೊಟ್ಟಿದ್ದರು. ಆರು ಬಿದ್ದರೆ ಬಾಗಿಲು ಬಿಟ್ಟು ಹೋಗುತ್ತದೆ. ಮೊದಲ ದಿನವೇ ಮೂರು ಸಲ ಗೆದ್ದರು. "ಇದು ದೆವ್ವಲ್ಲ, ಬೀಗರು. ಬಾಗಿಲ ತನಕಾ ಬಂದು ಕಳಿಸಿ ಹೋಗ್ತದ" ಎಂದು ಶಾಲುಬಾಯಿ ಮುಚ್ಚಿಟ್ಟರು. ಆ ಡಬ್ಬಿ ಭಾಲ್ಕಿ ತಾಲ್ಲೂಕಿನ ಮೆಹಕರಕ್ಕೆ, ಮಾಸ್ತರರ ಅಣ್ಣನ ಮಗ ಕೈಲಾಶನ ಮಕ್ಕಳ ಕೈಗೆ ಹೋಯಿತು.

ಹೀಗಿರುವಾಗ ಹೋದ ಶುಕ್ರವಾರ ಸುವರ್ಣಾಳ ಫೋನು.

"ಸರ್, ನಾ ತರಿಸಿದ್ದ ಮೂರನೇ ಆವೃತ್ತಿ ಬಂತ್ರಿ. ಎತ್ತಿದ್ರ ಸಿಮೆಂಟ್ ಚೀಲ ಎತ್ತಿದಂಗ ಆಗ್ತದ."

"ಒಡೀಬ್ಯಾಡವಾ ಸುವರ್ಣಾ. ನಿನ್ನ ಕೈ ಮುಗೀತೇನಿ, ಒಡೀಬ್ಯಾಡ. ಐತ್ವಾರ ಎಲ್ಲಾರು ಕೂಡೇ ಒಡೆಯೂಣು."

ಮಾಸ್ತರರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೂರೂ ಆವೃತ್ತಿಗಳನ್ನು ಒಂದೇ ಮಂಚದ ಮೇಲಿಟ್ಟು ಹೋಲಿಸಿ ನೋಡಬೇಕೆಂದು ಎಷ್ಟು ವರ್ಷದ ಆಸೆ ಅದು. ಶನಿವಾರ ಬೆಳಿಗ್ಗೆಯೇ ಮೆಹಕರದ ಹಾದಿ ಹಿಡಿದರು. ಕೈಲಾಶನ ಮಕ್ಕಳಿಗೆ ಪೇಡೆ ಕೊಟ್ಟು ಎರಡನೆಯದನ್ನು ಬಿಡಿಸಿಕೊಂಡರು. ಬರುವಾಗ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವರನ್ನು ಕಂಡಕ್ಟರ್, "ಏನ್ರಿ ಮಾಸ್ತರ, ಮಿಠಾಯಿ ಏನ್ರಿ?" ಎಂದು ಕೇಳಿದ. "ಅಲ್ಲಪಾ, ದೆವ್ವ ಅದ" ಎಂದರು. ಅವನು ಟಿಕೀಟು ಹರಿದು ಕೊಟ್ಟು ಸುಮ್ಮನೆ ಮುಂದೆ ಸರಿದ.

ಐತವಾರ ಹನ್ನೊಂದಕ್ಕೆಲ್ಲ ಮಂಚ ಸಜ್ಜಾಯಿತು. ಸುವರ್ಣಾ ನೋಟುಬುಕ್ಕಿನಲ್ಲಿ ಮೂರು ಕಾಲಮ್ಮು ಹಾಕಿಕೊಂಡೇ ಬಂದಿದ್ದಳು. ಅವಳು ಯಾವತ್ತೂ ಹಾಗೇ, ಇಂಜೆಕ್ಷನ್ ಕೊಟ್ಟರೂ ಮೊದಲು ರಿಜಿಸ್ಟರಿನಲ್ಲಿ ಬರೆದೇ ಕೊಡುವವಳು. ಯಾವುದು ಉತ್ತಮ ಎಂದು ನಾಲ್ವರೂ ಒಪ್ಪುತ್ತಾರೋ ಅದೊಂದು ಇನ್ನು ಮುಂದೆ ಮಂಚದ ಮೇಲೆ, ಉಳಿದವು ಅಟ್ಟದ ಮೇಲೆ. ಇದು ಕರಾರು. ಮನೆಯಲ್ಲಿ ಇರುವುದು ಎರಡೇ ಖೋಲಿ, ಮೂರು ಹವೇಲಿ ಎಲ್ಲಿ ಇಡುವುದು?

ಶಾಲುಬಾಯಿ ಒಗ್ಗರಣೆ ಚುರಮುರಿಯ ಸುಸಲಾದ ತಾಟು ಇಟ್ಟು ಕೆಂಪು ಡಬ್ಬಿಯ ಪಕ್ಕದಲ್ಲೇ ಕೂತರು. ಅದು ಅಟ್ಟ ಹತ್ತಿದರೆ ಲಕೋಟೆಯೂ ಹತ್ತಿದಂತೆಯೇ. ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಹೋಲಿಕೆ ಶುರುವಾಯಿತು. ಮೊದಲನೆಯದರ ಪಟವನ್ನು ಯುನುಸ ಉಗುರಿನಿಂದ ತಟ್ಟಿ, "ಇದು ರಟ್ಟಲ್ರಿ, ಹಲಗಿ" ಎಂದ. ಎರಡನೆಯದು ಹಪ್ಪಳದ ಹಾಗೆ ಡೊಂಕಾಗಿತ್ತು. ನಾಲ್ಕು ಮೂಲೆಗೂ ಚಹಾ ಕಪ್ಪು ಇಟ್ಟರೆ ಮಾತ್ರ ನೆಟ್ಟಗೆ ಮಲಗುತ್ತಿತ್ತು. ಮೂರನೆಯದರಲ್ಲಿ ಪಟವೇ ಇಲ್ಲ. ಕೋಣೆಗೊಂದು ಬಿಡಿ ತುಂಡು, ಬೇಕಾದ ಹಾಗೆ ಜೋಡಿಸಿಕೊಳ್ಳಬಹುದು, ಪ್ರತಿಸಲ ಹೊಸ ಹವೇಲಿ. ಸುವರ್ಣಾ ಬರೆದದ್ದೇ ಬರೆದದ್ದು. ಮೊದಲನೆಯದರಲ್ಲಿ ಹುಡುಗಿ ಕಟ್ಟಿಗೆಯವಳು. ಎರಡನೆಯದರಲ್ಲಿ ಪ್ಲಾಸ್ಟಿಕ್ಕು, ಕಣ್ಣು ಕೆಂಪು, ಬಾಯಲ್ಲಿ ರಕ್ತ. "ಪಾನ್ ತಿಂದಾಳೇನು?" ಎಂದ ಯುನುಸ. ಮೂರನೆಯದರಲ್ಲಿ ಅವಳ ಮುಖ ಮತ್ತೆ ಮಗುವಿನದಾಗಿತ್ತು. ಮೊದಲಿನ ಕಾರ್ಡುಗಳ ಬೆನ್ನು ಕೆಂಪು, ಮೂರನೆಯದರದು ನೀಲಿ. ಅಳತೆಯಲ್ಲೂ ಒಂದು ಎಳೆ ಸಣ್ಣವು.

ಮಾಸ್ತರರು ಹೊಸ ಕಾರ್ಡುಗಳನ್ನು ಒಂದೊಂದೇ ತಿರುವುತ್ತಿದ್ದವರು ಒಂದರ ಮೇಲೆ ನಿಂತೇಬಿಟ್ಟರು. ಕೈಯಲ್ಲಿ ಚೀಲ, ಕೊರಳಲ್ಲಿ ಸ್ಟೆತಾಸ್ಕೋಪು. ದೆವ್ವದ ಮನೆಯೊಳಗೆ ಡಾಕ್ಟರು.

"ಶಾಲು, ನೋಡ ಇಲ್ಲಿ. ಡಾಕ್ಟರ್ ಬಂದಾನ. ನಾ ಹುಟ್ಟಿದಾಗಿಂದ ಹೇಳಕೋತ ಬಂದದ್ದು ಇದನ್ನೇ ಅಲ್ಲೇನು? ಈಗ ಆಟ ಮಾಡೋ ಮಂದಿಗೂ ಬುದ್ಧಿ ಬಂತು."

"ಡಾಕ್ಟರ್ ಒಬ್ಬರೇ ಬಂದು ಏನ್ ಮಾಡ್ತಾರ್ರಿ ಸರ್? ನರ್ಸ್ ಎಲ್ಲಿ?" ಎಂದಳು ಸುವರ್ಣಾ.

ಮಾಸ್ತರರಿಗೆ ಅದು ಕೇಳಿಸಲೇ ಇಲ್ಲ. ಹೊಸ ನಿಯಮದ ಪುಸ್ತಕದ ಕೊನೆಯಲ್ಲಿ ಏನೇನು ಬದಲಾಗಿದೆ ಎಂಬ ಪುಟ ಇತ್ತು. ಎದ್ದು ನಿಂತರು. ಕನ್ನಡಕ ಏರಿಸಿದರು. ತರಗತಿಯ ಹಿಂದಿನ ಬೆಂಚಿಗೂ ಮುಟ್ಟುವ ದನಿಯಲ್ಲಿ ಓದುತ್ತ, ಕನ್ನಡ ಮಾಡುತ್ತ ಹೋದರು. "ಮೊದಲ ಆವೃತ್ತಿಯ, ಗಂಟೆ ಬಾರಿಸಿ ದೆವ್ವ ಓಡಿಸುವ ಮೂರು ಕಾರ್ಡುಗಳನ್ನು ತೆಗೆದು ಎರಡನೆಯದರಲ್ಲಿ ದಾಳ ಕೊಟ್ಟಿದ್ದೆವು. ಆಟ ಸಪ್ಪೆಯಾಯಿತೆಂದು ಜನ ಬೈದರು. ಈಗ ಆ ಮೂರರ ಜಾಗಕ್ಕೆ ಮೂರು ವೈದ್ಯರು ಬಂದಿದ್ದಾರೆ. ಕೆಲಸ ಅದೇ. ಇವುಗಳಲ್ಲಿ ಒಂದಾದರೂ ಇಲ್ಲದಿದ್ದರೆ ಹೆಬ್ಬಾಗಿಲು ಯಾವ ಕಾರಣಕ್ಕೂ..."

ಅಲ್ಲಿಗೆ ದನಿ ನಿಂತಿತು.

"ಯಾವ ಕಾರಣಕ್ಕೂ ಏನ್ರಿ?" ಎಂದು ಕೇಳಿದರು ಶಾಲುಬಾಯಿ.

"ತೆರೆಯುವುದಿಲ್ಲ" ಎಂದರು ಮಾಸ್ತರರು, ಸಣ್ಣಗೆ.

ಸುವರ್ಣಾಳ ಪೆನ್ನು ಕಾಗದದ ಮೇಲೆ ನಿಂತಿತ್ತು. "ಸರ್, ನಮ್ಮ ಕೆಂಪು ಡಬ್ಬ್ಯಾಗ ಗಂಟೆ ಕಾರ್ಡೇ ಇಲ್ಲಲ್ರಿ?"

ಯುನುಸ ಕೆಂಪು ಡಬ್ಬಿಯಿಂದ ಹಳೆಯ ಇಂಗ್ಲಿಷ್ ಪುಸ್ತಕ ತೆಗೆದು ಬೆಳಕಿಗೆ ಹಿಡಿದ. ನಡುವೆ ಎರಡು ಹಾಳೆ ಒಂದಕ್ಕೊಂದು ಅಂಟಿದ್ದವು. "ಇವು ನಾನೇ ಅಂಟಿಸಿದ್ದು. ಮಾಸ್ತರ್, ನೀವೇ ಹೇಳಿದ್ರಿ, ಹರದಾವ, ಕೂಡಿಸಿ ಅಂಟಿಸು ಅಂತ. ಇವೆಲ್ಲಿ ಹರದಾವ? ಗಟ್ಟಿಮುಟ್ಟ ಅವ."

ಮಾಸ್ತರರು ಒಳಗೆ ಹೋಗಿ ನಿಘಂಟು ತಂದರು. ಅದರ ನಡುವಿನಿಂದ ಮೂರು ಕಾರ್ಡು ತೆಗೆದು ಮಂಚದ ಮೇಲಿಟ್ಟರು. ಕೆಂಪು ಬೆನ್ನು. ಮುಂದೆ ಕರಿ ನಿಲುವಂಗಿಯ ಮನುಷ್ಯ, ಎತ್ತಿದ ಕೈಯಲ್ಲಿ ಗಂಟೆ, ಅವನ ಕಾಲ ಬಳಿ ಮುದುರಿಕೊಂಡ ಹುಡುಗಿ. ಒಂಬತ್ತು ವರ್ಷದ ಹಿಂದೆ ಡಬ್ಬಿ ಬಂದ ಮೊದಲ ದಿನವೇ ಆ ಚಿತ್ರ ಕಂಡು ಅವರ ಮೈ ಉರಿದಿತ್ತು. ಕಾರ್ಡು ಎತ್ತಿಟ್ಟರು, ಅವುಗಳ ನಿಯಮ ಇದ್ದ ಪುಟವನ್ನು ಓದದೆಯೇ ಅಂಟಿಸಲು ಕೊಟ್ಟರು, ಐವತ್ತೊಂದು ಎಂದು ಬರೆದರು. ಅಚ್ಚಾದದ್ದನ್ನು ಸುಡಲು ಮಾತ್ರ ಮಾಸ್ತರಿಕೆಯ ಕೈಗೆ ಆಗಲಿಲ್ಲ. ಮೂರು ಕಾರ್ಡು ಹೋದರೆ ಆಟಕ್ಕೇನು ಧಾಡಿ ಎಂದುಕೊಂಡಿದ್ದರು. ಆಮೇಲೆ ಮರೆತೇಬಿಟ್ಟಿದ್ದರು.

ಶಾಲುಬಾಯಿ ಗಂಡನ ಮುಖ ನೋಡಲಿಲ್ಲ. ಕಾರ್ಡನ್ನೇ ನೋಡುತ್ತ ಹೇಳಿದರು: "ನನ್ನಿಂದನೇ ಸೋಲ್ತೇವಿ ಅಂತ ತಿಳಕೊಂಡಿದ್ದೆ. ನೀವು ಮೂವರೂ ಕಲಿತವರು. ನಾಲ್ಕನೇ ಇಯತ್ತೆಯಾಕಿ ನಾ ಒಬ್ಬಾಕಿ. ಎಲ್ಲೋ ನಾನೇ ತಪ್ಪು ಮಾಡ್ತೇನಿ ಅಂತ ಒಂಬತ್ತು ವರ್ಷ ತಿಳಕೊಂಡಿದ್ದೆ."

ಮಾಸ್ತರರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ದೆವ್ವ ಬಿಡಿಸುವವರ ಮುಂದೆ ಎಂದೂ ತಗ್ಗದ ತಲೆ ಈ ನಾಲ್ಕನೇ ಇಯತ್ತೆಯ ಮುಂದೆ ತಗ್ಗಿತು.

"ವಿಶಾಖಾ..." ಎಂದು ಶುರುಮಾಡಿದರು. ಅವರ ತಂಗಿ. ಯುನುಸ, ಸುವರ್ಣಾ ಇಬ್ಬರೂ ಆ ಹೆಸರು ಕೇಳಿದ್ದು ಅಂದೇ ಮೊದಲು. "ನನಗ ಹದಿನಾಲ್ಕು, ಆಕಿಗೆ ಒಂಬತ್ತು. ಮೆಹಕರದಾಗ. ಜ್ವರ ಬಂದಿತ್ತು. ಯಾರೋ ಹೇಳಿದ್ರು, ಗಾಳಿ ಬಡದದ ಅಂತ. ಒಬ್ಬಾಂವ ಬಂದು ಮೂರು ದಿನ ಆಕಿ ತಲಿ ಹತ್ರ ಗಂಟಿ ಬಾರಿಸಿದ. ಮೂರೂ ದಿನ ಗಾಡಿ ಬಾಗಿಲ ಮುಂದೇ ನಿಂತಿತ್ತು. ಎತ್ತೂ ಇದ್ವು. ಭಾಲ್ಕಿ ದವಾಖಾನಿಗೆ ಹೋಗೂಣು ಅಂತ ನಾ ಅಂದೆ, ಸಣ್ಣಾವ ನೀ ಸುಮ್ಮಿರು ಅಂದ್ರು. ಗಾಡಿ ಹೂಡಲೇ ಇಲ್ಲ."

ಸುಸಲಾ ಹಾಗೇ ಇತ್ತು. ಯಾರೂ ಕೈ ಹಾಕಲಿಲ್ಲ.

ಸುವರ್ಣಾ ಶಾಲುಬಾಯಿಯ ಕಡೆ ತಿರುಗಿ, "ಹೊಸಾದರಾಗ ಆಡೂಣೇನ್ರಿ ಕಾಕು? ಅದರಾಗ ಡಾಕ್ಟರ್ ಹ್ಯಾಂಗೂ ಇದ್ದಾರ" ಎಂದಳು.

"ಅಥವಾ ಆ ಡಾಕ್ಟರ್ ಮೂವರನ್ನೂ ಹಳೇದ್ರಾಗ ಸೇರಿಸೂಣು" ಎಂದರು ಮಾಸ್ತರರು, ಮುಳುಗುವವರು ಹಗ್ಗ ಹಿಡಿದಂತೆ.

"ಆಗಲ್ರಿ ಸರ್. ಬೆನ್ನು ನೀಲಿ ಅದ, ಅಳತಿನೂ ಬ್ಯಾರೆ. ಮೇಲಿಂದನೇ ಗೊತ್ತಾಗ್ತದ." ಇಂಥದ್ದರಲ್ಲಿ ಸುವರ್ಣಾ ಗುರುವೆಂದೂ ನೋಡುವವಳಲ್ಲ.

ಶಾಲುಬಾಯಿ ಕೆಂಪು ಡಬ್ಬಿಯನ್ನು ಹತ್ತಿರ ಎಳೆದುಕೊಂಡರು. "ನಾ ಸೋತದ್ದು ಇದರಾಗ. ಗೆಲ್ಲೂದೂ ಇದರಾಗೇ. ಆ ಮೂರೂ ಹಾಕ್ರಿ ಒಳಗ. ಯುನುಸ ಭಾಯಿ, ಆ ಹಾಳಿ ಬಿಡಸ್ರಿ."

ಯುನುಸ ಒದ್ದೆ ಬಟ್ಟೆ, ತೆಳ್ಳನೆಯ ಚಾಕು ಹಿಡಿದು ಕೂತ. ತಾನೇ ಅಂಟಿಸಿದ್ದನ್ನು ತಾನೇ ಬಿಡಿಸುವ ಬಾಳು ಎಂದು ಗೊಣಗುತ್ತ, ಅಕ್ಷರಕ್ಕೊಂದು ಗೀರು ಬೀಳದಂತೆ ಹಾಳೆ ಬೇರೆ ಮಾಡಿದ. ಸುವರ್ಣಾ ಓದಿದಳು: ಗಂಟೆ ಕಾರ್ಡು ಹಿಡಿದವರು ಬಾಗಿಲ ಬಳಿ ನಿಂತು ದೆವ್ವಕ್ಕೆ ಅಲ್ಲಿಂದ ಹೋಗಲು ತಮ್ಮದೇ ಮಾತಿನಲ್ಲಿ ಹೇಳಬೇಕು. ಹೇಳಲಾಗದಿದ್ದರೆ ಪಕ್ಕದಲ್ಲಿರುವವರಿಗೆ ಕಾರ್ಡು ಕೊಡಬಹುದು.

ಆಟ ಶುರುವಾಯಿತು. ಅಂಥ ಆಟ ಆ ಮನೆಯಲ್ಲಿ ಹಿಂದೆ ನಡೆದಿರಲಿಲ್ಲ. ಸುವರ್ಣಾ ಎರಡೇ ಸುತ್ತಿನಲ್ಲಿ ಮೇಲಂತಸ್ತಿನ ಬೀಗದ ಕೈ ತಂದಳು. ಯುನುಸ ನೆಲಮಾಳಿಗೆಯಲ್ಲಿ ನಾಲ್ಕು ಬತ್ತಿ ಕಳಕೊಂಡು, ಒಂದು ಬೀಗದ ಕೈ ಹಿಡಿದು ಏದುಸಿರು ಬಿಡುತ್ತ ಬಂದ. ತಾನೇ ಮೆಟ್ಟಿಲು ಹತ್ತಿ ಬಂದವನ ಹಾಗೆ ನೀರು ಕುಡಿದ. ಮಾಸ್ತರರು ಕಾರ್ಡು ಎಳೆದಾಗಲೆಲ್ಲ ಶಾಲುಬಾಯಿ ಅವರ ಕಣ್ಣನ್ನೇ ನೋಡುತ್ತಿದ್ದರು. ಮೂರನೆಯ, ನಾಲ್ಕನೆಯ ಬೀಗದ ಕೈ ಎರಡೂ ಶಾಲುಬಾಯಿಯ ಪಾಲಿಗೇ ಸಿಕ್ಕವು. ನಾಲ್ವರೂ ಹೆಬ್ಬಾಗಿಲಿಗೆ ಬಂದರು. ಎಂದಿನಂತೆ ಹುಡುಗಿ ಬಂದು ಅಡ್ಡ ನಿಂತಳು. ಯುನುಸನ ಕಡೇ ಬತ್ತಿ ಆರಿತು. ಸುವರ್ಣಾಳದು ಆರಿತು. ಮಾಸ್ತರರದು ಆರಿತು. ಶಾಲುಬಾಯಿಯ ಮುಂದೆ ಒಂದೇ ಒಂದು ಉಳಿಯಿತು.

"ಇದೇ ಕಡೀ ಸುತ್ತು" ಎಂದಳು ಸುವರ್ಣಾ. "ಗಂಟೆ ಕಾರ್ಡು ಯಾರ ಹತ್ರರ ಅದ ಏನ್ರಿ?"

ಮಾಸ್ತರರ ಕೈಯಲ್ಲಿತ್ತು. ಆಗಲೇ ಎರಡು ಸುತ್ತಿನಿಂದ ಇತ್ತು. ಹೇಳಲು ನಾಲಿಗೆ ಏಳಲಿಲ್ಲ, ಅಷ್ಟೇ. ಗಂಟೆಯವನ ಮುಖ ಮೇಲಾಗಿ ಪಟದ ಮೇಲಿಟ್ಟರು. ಬಾಯಿ ತೆರೆದರು. "ಹೋಗು" ಎನ್ನಬೇಕು, ಎರಡೇ ಅಕ್ಷರ. ಸಾವಿರ ಸಲ ದೆವ್ವ ಇಲ್ಲ ಎಂದ ಬಾಯಿ ಅದು. ಕಾರ್ಡನ್ನು ಹೆಂಡತಿಯ ಕಡೆಗೆ ಸರಿಸಿದರು.

"ನನ್ನಿಂದಾಗಲ್ಲ ಶಾಲು. ನೀ ಹೇಳು."

ಶಾಲುಬಾಯಿ ಕಾರ್ಡನ್ನು ಎತ್ತಲಿಲ್ಲ. ಅಂಗೈಯಿಂದ ಆ ಗಂಟೆಯವನನ್ನು ಮುಚ್ಚಿದರು. ಇನ್ನೊಂದು ಕೈಯ ಎರಡು ಬೆರಳಲ್ಲಿ ಆ ಕಟ್ಟಿಗೆಯ ಹುಡುಗಿಯನ್ನು ಹಿಡಿದರು.

"ಏ ತಂಗಿ, ಇಲ್ಲಿ ಒಬ್ಬಾಕಿನೇ ಯಾಕ ನಿಂತೀದಿ? ಮೈ ಎಷ್ಟು ಕಾದದ ನೋಡು. ಬಾ. ಗಾಡಿ ಹೂಡೇವಿ. ಭಾಲ್ಕಿ ದವಾಖಾನಿಗೆ ಹೋಗೂಣು, ನಿಮ್ಮಣ್ಣನೂ ಬರ್ತಾನ."

ಹುಡುಗಿಯನ್ನು ಬಾಗಿಲಿಂದ ಪಕ್ಕಕ್ಕೆ ಸರಿಸಲಿಲ್ಲ. ತಮ್ಮ ನಾಲ್ಕು ಕಾಯಿಗಳ ಜೊತೆಯಲ್ಲೇ ಬಾಗಿಲಾಚೆ ದಾಟಿಸಿದರು. ಅಂಥ ನಿಯಮ ಯಾವ ಆವೃತ್ತಿಯಲ್ಲೂ ಇರಲಿಲ್ಲ. ಸುವರ್ಣಾ ಪೆನ್ನಿನ ಮುಚ್ಚಳ ಹಾಕಿದಳು. ಮಾಸ್ತರರು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು, ಐವತ್ತು ವರ್ಷ ತಡೆದಿಟ್ಟದ್ದನ್ನು. ಯುನುಸ ಅವರ ಬೆನ್ನ ಮೇಲೆ ಕೈಯಿಟ್ಟು ಕೂತ.

"ಅಳೂದು ಆಮ್ಯಾಲ ಅಳ್ರಿ, ಮೊದಲು ಪಾಕೀಟು" ಎಂದರು ಶಾಲುಬಾಯಿ. ಅವರ ಕಣ್ಣೂ ಒಣಗಿರಲಿಲ್ಲ, ಆದರೆ ಒಂಬತ್ತು ವರ್ಷ ಕಾದವರು ಇನ್ನೆಷ್ಟು ಕಾಯಬೇಕು. ತಲೆಯ ಪಿನ್ನು ತೆಗೆದು ಅರಗು ಎಬ್ಬಿಸಿದರು. ಒಳಗೆ ಒಂದೇ ಚೀಟಿ. ಸುವರ್ಣಾ ಕೈಚಾಚಿದಳು, ಕೊಡಲಿಲ್ಲ. ಬೆರಳಿಟ್ಟು ಅಕ್ಷರ ಅಕ್ಷರ ಕೂಡಿಸಿ ತಾವೇ ಓದಿದರು. ಅರ್ಥವನ್ನು ಮಾತ್ರ ಗಂಡನಿಂದ ಕೇಳಿ ಖಾತ್ರಿ ಮಾಡಿಕೊಂಡರು: ಹವೇಲಿ ಖಾಲಿಯಾಯಿತು, ಬಾಗಿಲು ಹಾಕಬೇಡಿ.

"ಇಷ್ಟೇ ಏನ್ರಿ? ಇಷ್ಟಕ್ಕ ಒಂಬತ್ತು ವರ್ಷ ಅಡ್ಡ ನಿಂತಿದ್ಳೇನು?" ಎಂದು ನಗತೊಡಗಿದರು. ಆ ನಗೆಗೆ ಮಾಸ್ತರರೂ ಟವೆಲ್ಲು ಇಳಿಸಿ ನಕ್ಕರು. ಸುಸಲಾದ ತಾಟು ಖಾಲಿಯಾಗಲು ಆಮೇಲೆ ಹೊತ್ತು ಹಿಡಿಯಲಿಲ್ಲ.

ತೀರ್ಪು ಬಾಕಿ ಇತ್ತು. ಸುವರ್ಣಾ ಮೂರು ಕಾಲಮ್ಮಿನ ಕೆಳಗೆ ಗೆರೆ ಎಳೆದು ಶಾಲುಬಾಯಿಯ ಕಡೆ ನೋಡಿದಳು. ಅವರು ಕೆಂಪು ಡಬ್ಬಿ ಎನ್ನುತ್ತಾರೆಂದೇ ಎಲ್ಲರೂ ಕಾದಿದ್ದರು.

"ಮೂರನೇದು ಬರಕೋ. ಅದರಾಗ ಡಾಕ್ಟರ್ ಮೊದಲಿಂದನೇ ಇದ್ದಾರ. ಇದರಾಗ ನನ್ನ ಕೆಲಸ ಮುಗೀತು" ಎಂದರು ಶಾಲುಬಾಯಿ. ಆಮೇಲೆ ಗಂಡನ ಕಡೆ ಕೈ ನೀಡಿದರು. "ನಿಮ್ಮ ಆ ನೋಟುಬುಕ್ಕು ತರ್ರಿ. ಕೆಂಪು ಪೆನ್ನೂ."

ಮಾಸ್ತರರು ಎರಡನ್ನೂ ತಂದು ಕೊಟ್ಟು, ತಪ್ಪು ಮಾಡಿದ ಹುಡುಗನ ಹಾಗೆ ಪಕ್ಕದಲ್ಲಿ ನಿಂತರು. ಶಾಲುಬಾಯಿ ಮೊದಲ ಪುಟ ತೆಗೆದರು. "ದೆವ್ವ ಇಲ್ಲ, ಇದು ಆಟ" ಎಂಬಲ್ಲಿಗೆ ಕೈ ಹಚ್ಚಲಿಲ್ಲ. ಐವತ್ತೊಂದನ್ನು ಹೊಡೆದು ಹಾಕಿ, ಮೇಲೆ ಐವತ್ನಾಲ್ಕು ಎಂದು ಬರೆದು, ಮಗ್ಗುಲಲ್ಲಿ ಒಂದು ರೈಟ್ ಹಾಕಿದರು.